4-5ನೇ ತರಗತಿಗೆ ಬಂದರೂ ಓದಲು ಬರಲ್ಲ, ಶಾಲೆಗೆ ಇಬ್ಬರೇ ಶಿಕ್ಷಕರು: ನೀವೆಲ್ಲ ಹೇಗೆ ನಿಭಾಯಿಸುತ್ತಿದ್ದೀರಿ?

ಬಯಲುಸೀಮೆ ಟೀಚರ್

ಎಲ್ಲರಿಗೂ ನಮಸ್ಕಾರ. ದೊಡ್ಡ ಶಾಲೆಯಲ್ಲಿದ್ದೆ. ಈ ವರ್ಷ ವರ್ಗಾವಣೆಯಲ್ಲಿ ಚಿತ್ರದುರ್ಗ ಜಿಲ್ಲೆಯ ಒಂದು ಕಿರಿಯ ಪ್ರಾಥಮಿಕ ಶಾಲೆಗೆ ಬಂದಿದ್ದೇನೆ. 1ರಿಂದ 5ರವರೆಗೆ ಒಟ್ಟು 34 ಮಕ್ಕಳು, ಶಿಕ್ಷಕರು ನಾವಿಬ್ಬರು. ಇನ್ನೊಬ್ಬರು ಪ್ರಭಾರ ಮುಖ್ಯ ಶಿಕ್ಷಕರು. ಅವರು ನಲಿ-ಕಲಿ (1ರಿಂದ 3ನೇ ತರಗತಿ ಒಟ್ಟಿಗೆ), ನಾನು 4-5 ಅಂತ ಹಂಚಿಕೊಂಡಿದ್ದೇವೆ. ಆದರೆ ಅವರಿಗೆ ಮೀಟಿಂಗ್, ಬ್ಯಾಂಕು, ಬಿಸಿಯೂಟದ ಲೆಕ್ಕ ಅಂತ ಓಡಾಟ ತಪ್ಪಲ್ಲ. ಅವರಿಲ್ಲದ ದಿನ ಐದೂ ತರಗತಿ ನನ್ನ ತಲೆ ಮೇಲೆ.

4-5 ಸೇರಿ 15 ಮಕ್ಕಳು. ಅರ್ಧದಷ್ಟು ಮಕ್ಕಳು ಪಕ್ಕದ ತಾಂಡಾದವರು. ಪಠ್ಯಪುಸ್ತಕದ ಪದ್ಯ ಪಟಪಟ ಹೇಳುತ್ತಾರೆ. ಬೇರೆ ಪುಟ ತೆರೆದರೆ ಮಾತೇ ಹೊರಡಲ್ಲ. 5ನೇ ತರಗತಿ ಹುಡುಗ 'ಹತ್ತಿ' ಅಂತ ಬರೆದದ್ದನ್ನು 'ಹ... ತಿ' ಅಂತ ಓದುತ್ತಾನೆ. ಗಣಿತದಲ್ಲಿ 42ರಲ್ಲಿ 17 ಕಳೆದರೆ 35. ಒಬ್ಬರಲ್ಲ, ಮುಕ್ಕಾಲು ಮಕ್ಕಳದ್ದೂ ಅದೇ ಉತ್ತರ.

ಪಾಠ ಮುಗಿಸಲಾ, ಅಕ್ಷರ ಕಲಿಸಲಾ? ದಸರಾ ರಜೆ ರಾಜ್ಯದ ಸಾಮಾಜಿಕ-ಶೈಕ್ಷಣಿಕ ಸಮೀಕ್ಷೆಗೆ ಹೋಯಿತು, ದಿನಗಳೂ ಕಮ್ಮಿ ಇವೆ. ದಯವಿಟ್ಟು ಭಾಷಣ ಬೇಡ. ನಾಳೆ ಬೆಳಿಗ್ಗೆ ಶಾಲೆಗೆ ಹೋಗಿ ಮಾಡಬಹುದಾದ್ದನ್ನು ಹೇಳಿ.

ತುಂಗಾತೀರ

ಮೇಡಂ, ಮೊದಲು ಒಂದು ಲೆಕ್ಕ. ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಪ್ರಕಾರ 1ರಿಂದ 5ನೇ ತರಗತಿಗೆ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು. 61ರಿಂದ 90ಕ್ಕೆ ಮೂವರು. ತರಗತಿ ಎಷ್ಟಿವೆ ಅಂತ ಅದು ಕೇಳುವುದೇ ಇಲ್ಲ, ತಲೆ ಎಣಿಸುತ್ತದೆ ಅಷ್ಟೆ. ಹಾಗಾಗಿ 34 ಮಕ್ಕಳ ಶಾಲೆಗೆ ಮೂರನೆಯವರು ಬರ್ತಾರೆ ಅಂತ ಕಾಯಬೇಡಿ. ಐದು ತರಗತಿಗೆ ಐದು ಪಾಠ ಮಾಡ್ತೀನಿ ಅನ್ನೋ ಆಸೆಯನ್ನೂ ಬಿಡಿ.

ನಾಳೆ ಮಾಡುವ ಕೆಲಸ ಇದು. ಉಳಿದ ಮಕ್ಕಳಿಗೆ ಚಿತ್ರ ಬರೆಯಲು ಕೊಡಿ. ಈ 15 ಮಕ್ಕಳನ್ನು ಒಬ್ಬೊಬ್ಬರಾಗಿ ಜಗುಲಿಗೆ ಕರೆದು ಓದಿಸಿ. ಒಬ್ಬರಿಗೆ ಎರಡು ಮೂರು ನಿಮಿಷ ಸಾಕು. ಪಠ್ಯಪುಸ್ತಕ ಕೊಡಬೇಡಿ, ಅದು ಬಾಯಿಪಾಠ ಆಗಿರುತ್ತೆ. ನೀವೇ ಒಂದು ಹಾಳೆಯಲ್ಲಿ ದಪ್ಪಕ್ಷರದಲ್ಲಿ ಬರೆದಿಟ್ಟುಕೊಳ್ಳಿ. ಮೇಲೆ ಅರಸ, ಗರಗಸ, ನಗರ, ಬಸವ. ಅದರ ಕೆಳಗೆ ಗಿಳಿ, ಮೀನು, ಕೋಳಿ, ಬೇಲಿ. ಆಮೇಲೆ ಅಕ್ಕ, ಹಗ್ಗ, ಹಲ್ಲು, ಹತ್ತಿ. ಕೊನೆಗೆ ನಿಮ್ಮೂರಿನ ಸಂತೆ ಬಗ್ಗೆ ನಾಲ್ಕು ಸಾಲಿನ ಕಥೆ. ಕಥೆ ಓದಿದವರಿಗೆ ಅದರಲ್ಲೇ ಒಂದು ಪ್ರಶ್ನೆ ಕೇಳಿ. ಮಗು ಎಲ್ಲಿ ತಡವರಿಸಿತೋ ಅಲ್ಲಿ ಅದರ ಹೆಸರು ಬರೆದುಕೊಳ್ಳಿ.

ಮಧ್ಯಾಹ್ನದ ಹೊತ್ತಿಗೆ ನಿಮ್ಮ ಕೈಲಿ ನಾಲ್ಕು ಗುಂಪು ಇರುತ್ತವೆ. ತರಗತಿ ಯಾವುದು ಅಂತ ನೋಡಬೇಡಿ. 3ನೇ ತರಗತಿಯ ಮಕ್ಕಳನ್ನೂ ಇದಕ್ಕೆ ಸೇರಿಸಿ. ದಿನಾ ಪ್ರಾರ್ಥನೆ, ಹಾಲು ಮುಗಿದ ಮೇಲೆ ಒಂದೂವರೆ ಗಂಟೆ ಗುಂಪಿನ ಪ್ರಕಾರ ಓದು, ಲೆಕ್ಕ. ಆಮೇಲೆ ಅವರವರ ತರಗತಿಯ ಪಾಠ.

ಆ ಒಂದೂವರೆ ಗಂಟೆ ಮಾತ್ರ ಯಾರಿಗೂ ಬಿಟ್ಟುಕೊಡಬೇಡಿ. ಸ್ಯಾಟ್ಸ್ (ಮಕ್ಕಳ ಮಾಹಿತಿಯ ಆನ್‌ಲೈನ್ ವ್ಯವಸ್ಥೆ) ಎಂಟ್ರಿ, ಮೊಟ್ಟೆ-ಬಾಳೆಹಣ್ಣಿನ ಲೆಕ್ಕ, ವಾಟ್ಸಾಪ್‌ನಲ್ಲಿ 'ತುರ್ತು' ಅಂತ ಬರುವ ಫಾರಂ, ಎಲ್ಲ ಊಟದ ನಂತರ. ತುರ್ತು ಅಂದದ್ದರಲ್ಲಿ ಅರ್ಧ ಮಧ್ಯಾಹ್ನದವರೆಗೂ ಕಾಯುತ್ತೆ.

ಕೋಲಾರದವನು

ಕೇಳೋಕೆ ಚೆನ್ನಾಗಿದೆ ಸರ್. ಎರಡು ಪ್ರಶ್ನೆ. ಒಂದು, ಚೆನ್ನಾಗಿ ಓದುವ 5ನೇ ತರಗತಿ ಮಗುವಿನ ಗತಿ ಏನು? ನಾವು ಹಿಂದೆ ಬಿದ್ದವರ ಹಿಂದೆಯೇ ಇರ್ತೀವಿ, ಆ ಮಗು ಸುಮ್ನೆ ಕೂತಿರುತ್ತೆ. ಎರಡು, 5ನೇ ತರಗತಿ ಹುಡುಗನನ್ನು 3ನೇ ತರಗತಿಯವರ ಜೊತೆ ಕೂರಿಸಿದರೆ ಅವನು ಮಾರನೇ ದಿನ ಬರ್ತಾನಾ? ಮನೆಯವರೇ ಬಂದು ಜಗಳ ತೆಗೀತಾರೆ.

ತುಂಗಾತೀರ

ಎರಡನೆಯದಕ್ಕೆ ಮೊದಲು. ಕೂರಿಸುವ ರೀತಿ ಮುಖ್ಯ. 'ನಿಧಾನ ಕಲಿಕೆಯವರು' ಅಂತ ಬಾಯಲ್ಲೂ ಬರಬಾರದು, ರಿಜಿಸ್ಟರಿನಲ್ಲೂ ಬರಬಾರದು. ಗುಂಪಿಗೆ ಮಕ್ಕಳೇ ಹೆಸರಿಡಲಿ. ನಮ್ಮಲ್ಲಿ ನದಿಗಳ ಹೆಸರಿವೆ. ತಿಂಗಳಿಗೊಮ್ಮೆ ಮತ್ತೆ ಓದಿಸಿ ಗುಂಪು ಬದಲಿಸಿ. ಮೇಲೆ ಹೋಗುವ ದಾರಿ ಕಣ್ಣಿಗೆ ಕಂಡರೆ ಮಕ್ಕಳು ಬೇಜಾರು ಮಾಡಿಕೊಳ್ಳಲ್ಲ. ಮನೆಯವರ ವಿಷಯಕ್ಕೆ, ಅವರೆದುರೇ ಮಗುವಿಂದ ಒಂದು ಪುಟ ಓದಿಸಿ. ಜಗಳಕ್ಕೆ ಬಂದವರು ಆಮೇಲೆ ನಿಮ್ಮ ಪರವೇ ನಿಲ್ತಾರೆ.

ಮೊದಲನೆಯದು ನ್ಯಾಯವಾದ ಪ್ರಶ್ನೆ. ಓದಬಲ್ಲ ಮಕ್ಕಳನ್ನು ಇಡೀ ಹೊತ್ತು 'ಚಿಕ್ಕವರಿಗೆ ಹೇಳಿಕೊಡು' ಅಂತ ಕೂರಿಸುವುದು ತಪ್ಪು. ಅವರು ಸಂಬಳವಿಲ್ಲದ ಸಹಾಯಕರಲ್ಲ. ಅವರಿಗೆ ಬರವಣಿಗೆ ಕೊಡಿ. ಸಂತೆಯಲ್ಲಿ ಇವತ್ತು ಟೊಮೆಟೊ ಬೆಲೆ ಎಷ್ಟು, ಯಾಕೆ ಏರಿತು, ಮನೆಯಲ್ಲಿ ಕೇಳಿ ಬಂದು ಅರ್ಧ ಪುಟ ಬರೆಯಿರಿ ಅಂದರೆ ಒಂದು ಗಂಟೆ ಅವರದ್ದು ಅವರು ಮಾಡ್ತಾರೆ.

ಕಡಲತಡಿ ಟೀಚರ್

'ಹತ್ತಿ' ಓದದ ಹುಡುಗನ ಬಗ್ಗೆ ಒಂದು ಮಾತು. ಒತ್ತಕ್ಷರ ಅಷ್ಟನ್ನೂ ಒಂದೇ ರಾಶಿಯಲ್ಲಿ ಕಲಿಸಬೇಡಿ. ನಮ್ಮ ಲಿಪಿಯಲ್ಲಿ ಹೆಚ್ಚಿನ ಒತ್ತುಗಳು ತಲೆಕಟ್ಟು ತೆಗೆದ ಪುಟ್ಟ ಅಕ್ಷರವೇ. ಕ್ಕ, ಗ್ಗ, ದ್ದ, ಪ್ಪ, ಳ್ಳ ನೋಡಿ, ಮಗು ಊಹೆಯಲ್ಲೇ ಹಿಡಿಯುತ್ತೆ. ಕಾಟ ಕೊಡುವುದು ಆರು. ತ, ನ, ಮ, ಯ, ರ, ಲ. ಇವುಗಳ ಒತ್ತು ಮೂಲ ಅಕ್ಷರದ ಹಾಗೆ ಕಾಣುವುದೇ ಇಲ್ಲ. ನಿಮ್ಮ ಹುಡುಗ 'ಅಕ್ಕ', 'ಹಗ್ಗ' ಓದುತ್ತಾನಾ ನೋಡಿ. ಓದಿದರೆ ಅವನಿಗೆ ಒತ್ತಕ್ಷರ ಬರಲ್ಲ ಅಂತಲ್ಲ, ಈ ಆರರ ಗುರುತು ಸಿಕ್ಕಿಲ್ಲ ಅಂತ ಅರ್ಥ. ವಾರ ಪೂರ್ತಿ ಆರನ್ನೇ ಮಾಡಿಸಿ. ಹತ್ತು, ಅನ್ನ, ಅಮ್ಮ, ಅಯ್ಯ, ಚಕ್ರ, ಹಲ್ಲು. ಗೋಡೆಯ ಕೆಳಗಿನ ಕಪ್ಪು ಹಲಗೆ ಮೇಲೆ ಮಕ್ಕಳೇ ಬರೆಯಲಿ.

ಅರ್ಕಾವತ್ತು ಕೊನೆಗೆ ಇಟ್ಟುಕೊಳ್ಳಿ. 'ಸೂರ್ಯ'ದಲ್ಲಿ ಕಣ್ಣಿಗೆ 'ಯ' ಮೊದಲು ಕಾಣುತ್ತೆ, ನಾಲಿಗೆಯಲ್ಲಿ 'ರ್' ಮೊದಲು ಬರಬೇಕು. ದೊಡ್ಡವರೇ ಬರೆಯುವಾಗ ಎಡವುತ್ತಾರೆ, ಅಲ್ವಾ?

ಇನ್ನು ಮೂಲಾಕ್ಷರವೇ ಬಾರದವರಿಗೆ ಅ ಆ ಇ ಈ ಅಂತ ಮೊದಲಿಂದ ಶುರು ಮಾಡಬೇಡಿ. ನಲಿ-ಕಲಿಯಲ್ಲಿ ರ, ಗ, ಸ, ದ, ಅ ಅಂತ ಶುರು ಮಾಡುವುದು ಸುಮ್ನೆ ಅಲ್ಲ. ಈ ಐದರಲ್ಲೇ ಸರ, ದರ, ಅಗಸ, ಅರಸ, ಗರಗಸ ಎಲ್ಲ ಬರುತ್ತೆ. ಮೊದಲ ವಾರದಲ್ಲೇ ಮಗು ಪದ ಓದುತ್ತೆ. 'ನನಗೆ ಬರುತ್ತೆ' ಅಂತ ಅನ್ನಿಸಿದ ಮೇಲೆ ಕೆಲಸ ಸಲೀಸು.

ತಾಂಡಾದ ಹುಡುಗ

ನಾನೂ ತಾಂಡಾ ಶಾಲೆಯಲ್ಲೇ ಓದಿದವನು, ಈಗ ಮೇಷ್ಟ್ರು. ನಿಮ್ಮ ಮಕ್ಕಳಿಗೆ ಓದು ಬರದೇ ಇರುವುದಕ್ಕೆ ಇನ್ನೊಂದು ಕಾರಣ ಇರಬಹುದು. ಮನೆಯಲ್ಲಿ ಅವರು ಆಡುವುದು ಲಂಬಾಣಿ. ಅಮ್ಮ ಅಂದರೆ ಯಾಡಿ, ರೊಟ್ಟಿ ಅಂದರೆ ಬಾಟಿ, ನೀರು ಅಂದರೆ ಪಾಣಿ. ಅಕ್ಷರ ಕೂಡಿಸಿ 'ರೊಟ್ಟಿ' ಅಂತ ಓದಿದರೂ ಆ ಪದ ಮನೆಯದಲ್ಲ. ಅರ್ಥ ಕೈಗೆ ಸಿಗದೆ ಓದು ನಿಲ್ಲುತ್ತೆ.

ಮಾಡಬೇಕಾದ್ದು ಜಾಸ್ತಿ ಏನಿಲ್ಲ. ಬೆಳಿಗ್ಗೆ ಐದು ನಿಮಿಷ ಮಕ್ಕಳನ್ನೇ ಮೇಷ್ಟ್ರು ಮಾಡಿ. ಒಂದು ಚಿತ್ರ ತೋರಿಸಿ, ಲಂಬಾಣಿಯಲ್ಲಿ ಏನಂತೀರಿ ಕೇಳಿ, ಅದನ್ನು ಕನ್ನಡ ಲಿಪಿಯಲ್ಲೇ ಹಲಗೆ ಮೇಲೆ ಬರೆಯಿರಿ, ಪಕ್ಕದಲ್ಲಿ ಕನ್ನಡ ಪದ ಬರೆಯಿರಿ. ನೀವು ಉಚ್ಚಾರ ತಪ್ಪಿದಾಗ ಅವರು ನಗಲಿ. ಬಾಯಿ ಬಿಡದ ಮಕ್ಕಳು ಅಲ್ಲಿ ಬಾಯಿ ಬಿಡುತ್ತಾರೆ. ಹಾಗೇ ಕಬ್ಬು ಕಡಿಯೋಕೆ ಮನೆಯವರು ಗುಳೆ ಹೋಗುತ್ತಾರಾ ವಿಚಾರಿಸಿ. ಹೋಗುವವರಿದ್ದರೆ ಮಗುವನ್ನು ಅಜ್ಜಿ ಮನೆಯಲ್ಲಿ ಬಿಟ್ಟು ಹೋಗಿ ಅಂತ ಮುಂಚೆಯೇ ಹೇಳಬೇಕು. ಹೋದ ಮೇಲೆ ಹೇಳಿ ಪ್ರಯೋಜನ ಇಲ್ಲ.

ಹಾವೇರಿ ಗಣಿತದ ಸರ್

42-17=35. ಈ ಉತ್ತರ ಕಂಡರೆ ನನಗೆ ಖುಷಿ. ತಪ್ಪಿದರೂ ಮಗು ಯೋಚನೆ ಮಾಡಿದೆ ಅಂತ ಗೊತ್ತಾಗುತ್ತೆ. ಹುಡುಗನನ್ನು ಕೂರಿಸಿ 'ಹೆಂಗ್ ಮಾಡ್ದೆ, ಹೇಳು' ಅನ್ನಿ. 'ಎರಡರಾಗ ಏಳು ಹೋಗೂದಿಲ್ರಿ. ಅದಕ್ಕ ಏಳರಾಗ ಎರಡು ಕಳದೆ, ಐದು. ನಾಕರಾಗ ಒಂದು ಕಳದೆ, ಮೂರು' ಅಂತಾನೆ. ಅವನ ಕಣ್ಣಿಗೆ 42 ಅಂದರೆ ನಲವತ್ತೆರಡಲ್ಲ. ಅಕ್ಕಪಕ್ಕ ಕೂತ ನಾಲ್ಕು ಮತ್ತು ಎರಡು. ಹಲಗೆ ಮೇಲೆ ನೂರು ಲೆಕ್ಕ ಮಾಡಿಸಿದರೂ ಇದು ಹೋಗಲ್ಲ.

ಪೊರಕೆ ಕಡ್ಡಿ ತುಂಡು ಮಾಡಿ, ಹತ್ತು ಹತ್ತಕ್ಕೆ ರಬ್ಬರ್ ಬ್ಯಾಂಡ್ ಹಾಕಿ. ನಾಲ್ಕು ಕಟ್ಟು, ಎರಡು ಬಿಡಿ ಕಡ್ಡಿ ಅವನ ಕೈಗೆ ಕೊಟ್ಟು 'ನನಗೆ 17 ಕೊಡು' ಅನ್ನಿ. ಮೊದಲು ಒಂದು ಕಟ್ಟು ಕೊಡುತ್ತಾನೆ. ಆಮೇಲೆ ಏಳು ಬೇಕು, ಕೈಲಿರುವುದು ಎರಡು. ಇಲ್ಲಿ ನೀವು ಮಾತಾಡಬಾರದು. ಸ್ವಲ್ಪ ಹೊತ್ತು ನಿಮ್ಮ ಮುಖ ನೋಡಿ, ಕೊನೆಗೆ ಅವನೇ ಒಂದು ಕಟ್ಟಿನ ರಬ್ಬರ್ ಬಿಚ್ಚುತ್ತಾನೆ. ಹನ್ನೆರಡು ಬಿಡಿಯಲ್ಲಿ ಏಳು ಕೊಟ್ಟರೆ ಐದು. ಉಳಿದ ಕಟ್ಟು ಎರಡು. 25. ಹಲಗೆ ಮೇಲೆ 4ನ್ನು ಹೊಡೆದು 3 ಮಾಡುವುದು, 2ರ ಪಕ್ಕ ಸಣ್ಣ 1 ಬರೆಯುವುದು, ಇದನ್ನೆಲ್ಲ ಆ ಕಟ್ಟು ಬಿಚ್ಚಿದ ಮೇಲೆ ತೋರಿಸಿ, ಅದಕ್ಕೂ ಮುಂಚೆ ಬೇಡ. ಬಹಳ ಶಾಲೆಗಳಲ್ಲಿ ತಿರುವುಮುರುವು ಆಗುವುದು ಇಲ್ಲೇ.

ಮುಂದಿನ ಗುಂಡಿ 302-148. ನಡುವೆ ಸೊನ್ನೆ. ಅದಕ್ಕೆ ಆಟದ ನೋಟು ಒಳ್ಳೆಯದು. ನೂರರ ಮೂರು ನೋಟು, ಒಂದು ರೂಪಾಯಿಯ ಎರಡು ನಾಣ್ಯ. 'ಅಂಗಡಿಗೆ 148 ಕೊಡಬೇಕು, ಸರಿಯಾಗಿ ಕೊಡು' ಅನ್ನಿ. ನೂರನ್ನು ಹತ್ತರ ನೋಟು ಮಾಡಿಸಿ, ಅದರಲ್ಲಿ ಒಂದನ್ನು ಬಿಡಿ ಮಾಡಿಸದೆ ಗತಿಯಿಲ್ಲ ಅಂತ ತಾನೇ ಕಂಡುಕೊಳ್ಳುತ್ತಾನೆ.

ನಿಮ್ಮ ಶಾಲೆಯಲ್ಲಿ ಗಣಿತ ಕಿಟ್ ಇದೆಯಾ ನೋಡಿ. ಇದ್ದರೆ ಆಟದ ನೋಟು, ಬಿಡಿ-ಹತ್ತು-ನೂರರ ಬ್ಲಾಕು ಎಲ್ಲ ಅದರಲ್ಲೇ ಇರುತ್ತೆ. ಬೀರುವಿನಲ್ಲಿ ಬೀಗ ಹಾಕಿ ಇಟ್ಟಿರುತ್ತಾರೆ, ಕಳೆದರೆ ಯಾರು ಉತ್ತರ ಕೊಡೋದು ಅಂತ. ಕಳೆಯಲಿ ಬಿಡಿ. ಪೆಟ್ಟಿಗೆ ಹೊಸದಾಗಿದ್ದರೆ ಮಕ್ಕಳು ಮುಟ್ಟಿಲ್ಲ ಅಂತ ಅರ್ಥ.

ಬಯಲುಸೀಮೆ ಟೀಚರ್

ಕಿಟ್ ಇದೆ ಸರ್. ಬೀರುವಿನಲ್ಲೇ ಇದೆ. ಬೀಗದ ಕೈ ಎಚ್.ಎಂ. ಹತ್ತಿರ.

ಓದಿಸುವ ಹಾಳೆ ಬರೆದಿಟ್ಟಿದ್ದೇನೆ. ಒಂದು ಭಯ ಮಾತ್ರ ಇದೆ. ಮೇಲಿನವರು ಬಂದು 'ಪಾಠ ಎಲ್ಲಿಗೆ ಬಂತು' ಅಂದಾಗ 5ನೇ ತರಗತಿಯಲ್ಲಿ ಕಡ್ಡಿ ಬಿಚ್ಚುತ್ತಿದ್ದೇನೆ ಅಂದರೆ?

ಹಿಂದೆ ಸಿ.ಆರ್.ಪಿ. ಆಗಿದ್ದವನು

ಮೇಡಂ, ನಾನು ಸಿ.ಆರ್.ಪಿ., ಅಂದರೆ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಯಾಗಿ ಆ ಕಡೆ ಕೂತು ನೋಡಿದವನು. ಬರುವವರು ಗಾಬರಿ ಬೀಳುವುದು ಪಾಠ ಹಿಂದಿದೆ ಅಂತಲ್ಲ, ಕೇಳಿದ್ದಕ್ಕೆ ಕಾಗದ ಇಲ್ಲ ಅಂತ. ನೀವು ಮಾಡುವುದನ್ನು ಪಾಠ ಟಿಪ್ಪಣಿಯಲ್ಲಿ ಬರೆಯಿರಿ. ಮೊದಲ ದಿನ ಓದಿಸಿದ ಹಾಳೆ, ಹೆಸರು, ಗುಂಪು, ತಾರೀಕು. ತಿಂಗಳ ನಂತರ ಮತ್ತೆ ಓದಿಸಿದ್ದು. ಇದೆರಡನ್ನು ಮೇಜಿನ ಮೇಲೆ ಇಟ್ಟರೆ ಯಾರೂ ಏನೂ ಅನ್ನಲ್ಲ. ಅಂದರೂ ಶಿಕ್ಷಣ ಹಕ್ಕು ಕಾಯ್ದೆಯ 24ನೇ ಸೆಕ್ಷನ್ ತೋರಿಸಿ. ಪಠ್ಯಕ್ರಮ ನಿಗದಿತ ಸಮಯದಲ್ಲಿ ಮುಗಿಸಬೇಕು ಅಂತ ಅದರಲ್ಲಿದೆ, ನಿಜ. ಅದರ ಮರು ಸಾಲಿನಲ್ಲೇ, ಪ್ರತಿ ಮಗುವಿನ ಕಲಿಕೆ ಎಷ್ಟಿದೆ ಅಂತ ನೋಡಿ ಅದಕ್ಕೆ ತಕ್ಕ ಹೆಚ್ಚುವರಿ ಪಾಠ ಮಾಡಬೇಕು ಅಂತಲೂ ಇದೆ. ಎರಡೂ ನಿಮ್ಮ ಕರ್ತವ್ಯವೇ. ಬರುವವರು ಮೊದಲನೆಯದನ್ನಷ್ಟೇ ಓದಿಕೊಂಡಿರುತ್ತಾರೆ.

ನಿಮ್ಮ ಈಗಿನ ಸಿ.ಆರ್.ಪಿ.ಗೆ ನೀವೇ ಮುಂಚೆ ಹೇಳಿಬಿಡಿ. ಆಮೇಲೆ ತಿಳಿದರೆ ಪ್ರಶ್ನೆ ಆಗುತ್ತೆ, ಮೊದಲೇ ತಿಳಿದರೆ ತಿಂಗಳ ಸಮಾಲೋಚನಾ ಸಭೆಯಲ್ಲಿ ನಿಮ್ಮನ್ನೇ ಮಾತಾಡಿ ಅನ್ನುತ್ತಾರೆ.

ಬೆಂಗಳೂರು ಖಾಸಗಿ ಟೀಚರ್

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಮ್ಮಲ್ಲಿ ಒಂದೇ ತರಗತಿಯಲ್ಲಿ 45 ಮಕ್ಕಳು. ಓದು ಬರುತ್ತೆ, ಗಲಾಟೆ ತಡೆಯೋಕಾಗಲ್ಲ. ಗಂಟಲು ಹೋಗಿದೆ. ಮೇಲಿಂದ ರಾತ್ರಿ ಹತ್ತಕ್ಕೆ ಪೋಷಕರ ಮೆಸೇಜು, 'ನಾಳೆ ಡ್ರಾಯಿಂಗ್ ಬುಕ್ ತರಬೇಕಾ?' ಅಂತ.

ಕಡಲತಡಿ ಟೀಚರ್

ನೀವು ದನಿ ಏರಿಸಿದಷ್ಟೂ ಅವರೂ ಏರಿಸುತ್ತಾರೆ. ಬಾಗಿಲ ಹತ್ತಿರ ನಿಂತು ಸುಮ್ಮನಾಗಿ. ಹಲಗೆ ಮೇಲೆ ಮಾಡಬೇಕಾದ ಮೊದಲ ಕೆಲಸ ಬರೆದಿರಲಿ, ದಿನಾ ಅದೇ ಜಾಗದಲ್ಲಿ. ಒಳಗೆ ಬಂದ ತಕ್ಷಣ ಅದನ್ನು ಶುರು ಮಾಡೋದು ಅಭ್ಯಾಸ ಆಗೋವರೆಗೆ ಎರಡು ಮೂರು ವಾರ ಬೇಕು. ಸೂಚನೆ ಒಂದು ಸಲ ಮಾತ್ರ ಹೇಳಿ, ಆಮೇಲೆ ಒಬ್ಬ ಮಗುವಿಂದ ಅದನ್ನೇ ಹೇಳಿಸಿ. ಮೂರು ಸಲ ಹೇಳುತ್ತೀರಿ ಅಂತ ಗೊತ್ತಾದರೆ ಮೊದಲೆರಡು ಸಲ ಯಾರೂ ಕೇಳಲ್ಲ.

ಮೆಸೇಜಿಗೆ ರಾತ್ರಿ ಉತ್ತರ ಕೊಡಬೇಡಿ. ಒಂದು ಸಲ ಕೊಟ್ಟರೆ ಅದೇ ಪದ್ಧತಿ ಆಗುತ್ತೆ.

ಕೋಲಾರದವನು

ಸರಿ, ಒಂದೂವರೆ ಗಂಟೆ ಬಿಟ್ಟುಕೊಡಬೇಡಿ ಅಂದಿರಿ. 2025ರ ಸೆಪ್ಟೆಂಬರ್ 22ರಿಂದ ಸಾಮಾಜಿಕ-ಶೈಕ್ಷಣಿಕ ಸಮೀಕ್ಷೆಗೆ ಹೋದೆವಲ್ಲ, ಆಗ ಯಾರಿಗೆ ಹೇಳೋದು? 60 ಪ್ರಶ್ನೆ, ಕೆಲವು ಮನೆಯಲ್ಲಿ ಒಂದು ಗಂಟೆ. ನೆಟ್‌ವರ್ಕ್ ಇಲ್ಲದ ಕಡೆ ಮನೆಯವರನ್ನು ರಸ್ತೆಗೆ ಕರೆತಂದು ಒಟಿಪಿ ಕೇಳಿದ್ದೇವೆ. ರಜೆಯನ್ನು ಅಕ್ಟೋಬರ್ 18ರವರೆಗೆ ವಿಸ್ತರಿಸಿದರು. ಮಕ್ಕಳಿಗೆ ರಜೆ, ನಮಗೆ ಬಿಸಿಲು. ಈಗ ಆ ದಿನಗಳ ಪಾಠ ತುಂಬಿಸಿ ಅಂತಾರೆ. ಕಾಯ್ದೆಯ 27ನೇ ಸೆಕ್ಷನ್ ಏನು ಹೇಳುತ್ತೆ? ಶಿಕ್ಷಕರನ್ನು ಬೇರೆ ಕೆಲಸಕ್ಕೆ ಹಚ್ಚಬಾರದು ಅಂತ ಅಲ್ವಾ?

ಹಿಂದೆ ಸಿ.ಆರ್.ಪಿ. ಆಗಿದ್ದವನು

ಪೂರ್ತಿ ಓದಿ. ಹತ್ತು ವರ್ಷಕ್ಕೊಮ್ಮೆಯ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ, ಈ ಮೂರನ್ನು ಬಿಟ್ಟು ಬೇರೆ ಕೆಲಸ ಕೊಡಬಾರದು ಅಂತ ಇದೆ. ಸಮೀಕ್ಷೆ ಈ ಮೂರರಲ್ಲಿ ಯಾವುದಕ್ಕೆ ಸೇರುತ್ತೆ ಅನ್ನುವುದು ಒಳ್ಳೆಯ ಪ್ರಶ್ನೆ. ಅದನ್ನು ಸಂಘದವರು ಕೇಳಬೇಕು, ಒಬ್ಬ ಶಿಕ್ಷಕ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಎದುರು ನಿಂತು ಕೇಳಿದರೆ ನೋಟಿಸ್ ಅಷ್ಟೇ ಬರೋದು. ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ) ಕೆಲಸ ಚುನಾವಣೆ ಲೆಕ್ಕಕ್ಕೆ ಬರುತ್ತೆ. ಆದರೆ ಮತದಾರರ ಪಟ್ಟಿ, ಚುನಾವಣೆ ಕೆಲಸವನ್ನು ರಜಾದಿನ ಮತ್ತು ಪಾಠ ಇಲ್ಲದ ಹೊತ್ತಿನಲ್ಲಿ ಮಾಡಿಸಬೇಕು ಅಂತ 2007ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಶಾಲಾ ಅವಧಿಯಲ್ಲಿ ಕರೆದರೆ ಅದನ್ನು ಉಲ್ಲೇಖಿಸಿ ಬರವಣಿಗೆಯಲ್ಲಿ ಉತ್ತರ ಕೊಡಬಹುದು. ಬಾಯಿಮಾತಲ್ಲಿ ಬೇಡ.

ಇನ್ನೂ ಇದೆ. 2027ರ ಜನಗಣತಿ ಬರ್ತಿದೆ, ಮನೆಪಟ್ಟಿ ಕೆಲಸ 2026ರಲ್ಲೇ. ಅದಕ್ಕೆ 27ನೇ ಸೆಕ್ಷನ್ ತೋರಿಸೋಕಾಗಲ್ಲ, ಅದರಲ್ಲೇ ಹೆಸರಿದೆ.

ತುಂಗಾತೀರ

ಅದಕ್ಕೇ ನಾನು ಅಂದದ್ದು, ಶಾಲೆಯಲ್ಲಿರುವ ದಿನದ ಬೆಳಗಿನ ಹೊತ್ತನ್ನಾದರೂ ಉಳಿಸಿಕೊಳ್ಳಿ ಅಂತ. ಹೊರಗಿನ ಕೆಲಸ ತಪ್ಪಿಸೋಕೆ ನಮ್ಮ ಕೈಲಿ ಆಗಲ್ಲ. ಒಳಗಿದ್ದೂ ಫಾರಂ ತುಂಬುತ್ತಾ ಕೂತರೆ ಅದು ನಮ್ಮದೇ ಆಯ್ಕೆ.

ಕೋಲಾರದವನು

ಆಯ್ಕೆ ಅಂತ ಅಷ್ಟು ಸುಲಭವಾಗಿ ಅನ್ನಬೇಡಿ ಸರ್. 11 ಗಂಟೆಗೆ ಮೆಸೇಜು, 12ಕ್ಕೆ ವರದಿ ಬೇಕು ಅಂತ. ಕೊಡದಿದ್ದರೆ ಗುಂಪಿನಲ್ಲಿ ಶಾಲೆಯ ಹೆಸರು ಹಾಕ್ತಾರೆ. ನಾನು ಒಬ್ಬನೇ ಇರುವ ಶಾಲೆ. ನಿಮ್ಮ ಸಲಹೆ ಇಬ್ಬರಿದ್ದಲ್ಲಿ ನಡೆಯುತ್ತೆ.

ಅತಿಥಿ ಶಿಕ್ಷಕಿ, ಕೊಪ್ಪಳ

ನಾನು ಅತಿಥಿ ಶಿಕ್ಷಕಿ. ಏಕೋಪಾಧ್ಯಾಯ ಶಾಲೆಯಲ್ಲಿ ಎರಡನೆಯವಳು ನಾನೇ. 2025ರ ಬಜೆಟ್‌ನಲ್ಲಿ ಗೌರವಧನ 2,000 ರೂಪಾಯಿ ಏರಿಸಿದರು, ಸಂತೋಷ. ಆದರೆ ಜೂನ್‌ನಲ್ಲಿ ಶಾಲೆ ಶುರುವಾದ ದಿನವೇ ನಮ್ಮನ್ನು ತಗೊಂಡರೆ ಸೇತುಬಂಧಕ್ಕೆ (ವರ್ಷದ ಆರಂಭದಲ್ಲಿ ಹಿಂದಿನ ತರಗತಿಯ ಕಲಿಕೆ ಸರಿಪಡಿಸುವ ಪಾಠ) ಎರಡು ಕೈ ಜಾಸ್ತಿ ಸಿಗುತ್ತೆ. ನಾವು ಬರೋ ಹೊತ್ತಿಗೆ ಸೇತುಬಂಧ ಮುಗಿದಿರುತ್ತೆ. ಮಕ್ಕಳನ್ನು ಓದಿಸಿ ನೋಡುವ ಕೆಲಸ ಆಗಲೇ ಆಗಬೇಕಿತ್ತು. ಕೋಲಾರದ ಸರ್ ಹೇಳಿದ್ದು ನಿಜ. ಒಬ್ಬರೇ ಇದ್ದರೆ ಬೆಳಗಿನ ಒಂದೂವರೆ ಗಂಟೆಯ ಬದಲು ಮುಕ್ಕಾಲು ಗಂಟೆ ಮಾಡಿ, ಓದು ಮಾತ್ರ. ಫೋನ್ ಆ ಹೊತ್ತಿಗೆ ಮೇಜಿನ ಡ್ರಾದಲ್ಲಿ.

ಹಾವೇರಿ ಗಣಿತದ ಸರ್

ವಿಷಯ ಬೇರೆ, ಆದರೂ ಕೇಳ್ತೀನಿ. ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ) ಗದ್ದಲ ಎಲ್ಲಿಗೆ ಬಂತು? ನಮ್ಮ ಸ್ಟಾಫ್ ರೂಮಿನಲ್ಲಿ ದಿನಾ ಅದೇ ಮಾತು. ನಾನು ಕಾಯ್ದೆ ಬರುವ ಮುಂಚೆ ಸೇರಿದವನು. ಇನ್ನೂ 11 ವರ್ಷ ಸೇವೆ ಇದೆ.

ಹಿಂದೆ ಸಿ.ಆರ್.ಪಿ. ಆಗಿದ್ದವನು

2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟ್ ಹೇಳಿದ್ದು ಇಷ್ಟು. ಶಿಕ್ಷಣ ಹಕ್ಕು ಕಾಯ್ದೆಗೂ ಮುಂಚೆ ಸೇರಿದವರಾದರೂ ನಿವೃತ್ತಿಗೆ ಐದು ವರ್ಷಕ್ಕಿಂತ ಜಾಸ್ತಿ ಇದ್ದರೆ ಎರಡು ವರ್ಷದೊಳಗೆ ಟಿಇಟಿ ಪಾಸಾಗಬೇಕು. ಐದು ವರ್ಷಕ್ಕಿಂತ ಕಮ್ಮಿ ಇದ್ದವರು ಮುಂದುವರಿಯಬಹುದು, ಆದರೆ ಟಿಇಟಿ ಇಲ್ಲದೆ ಬಡ್ತಿ ಇಲ್ಲ. ಅಲ್ಪಸಂಖ್ಯಾತ ಸಂಸ್ಥೆಗಳ ಶಾಲೆಗಳಿಗೆ ಇದು ಅನ್ವಯವಾಗುತ್ತಾ ಅನ್ನುವುದನ್ನು ದೊಡ್ಡ ಪೀಠಕ್ಕೆ ಬಿಟ್ಟಿದ್ದಾರೆ. ತೀರ್ಪು ಬದಲಾಗಬಹುದು ಅಂತ ಕಾಯುತ್ತಾ ಕೂರಬೇಡಿ ಸರ್, ಪುಸ್ತಕ ತೆಗೆಯಿರಿ.

ಹಾವೇರಿ ಗಣಿತದ ಸರ್

ಇಪ್ಪತ್ತು ವರ್ಷ ಪಾಠ ಮಾಡಿದವನನ್ನು ಈಗ ಪರೀಕ್ಷೆಗೆ ಕೂರಿಸುವುದು ನನಗೆ ಸರಿ ಕಾಣಲ್ಲ. ಪರೀಕ್ಷೆಗೆ ಹೆದರಿ ಅಲ್ಲ. ನಾನು ಪಾಠ ಮಾಡುವುದನ್ನು ತರಗತಿಗೆ ಬಂದು ಒಂದು ಗಂಟೆ ಯಾರಾದರೂ ನೋಡಲಿ ಅನ್ನೋದು ನನ್ನ ವಾದ. ಗುರುತು ಹಾಕುವ 150 ಪ್ರಶ್ನೆಯಲ್ಲಿ ಕಡ್ಡಿ ಬಿಚ್ಚುವುದು ಎಲ್ಲಿ ಬರುತ್ತೆ?

ಕಡಲತಡಿ ಟೀಚರ್

ಮಕ್ಕಳ ತಪ್ಪು ಉತ್ತರದ ಹಿಂದೆ ಯಾವ ಯೋಚನೆ ಇದೆ ಅನ್ನುವಂಥ ಪ್ರಶ್ನೆ ಬರುತ್ತೆ ಸರ್. ಶಿಶು ವಿಕಾಸ ಮತ್ತು ಬೋಧನೆಗೆ 30 ಅಂಕ. ಮೊದಲ ಪತ್ರಿಕೆಯಲ್ಲಿ ಅದರ ಜೊತೆ ಎರಡು ಭಾಷೆ, ಗಣಿತ, ಪರಿಸರ ಅಧ್ಯಯನ, ತಲಾ 30. ತಪ್ಪಿಗೆ ಅಂಕ ಕಳೆಯಲ್ಲ, ಹಾಗಾಗಿ ಒಂದನ್ನೂ ಖಾಲಿ ಬಿಡಬೇಡಿ. ಸಾಮಾನ್ಯ ವರ್ಗಕ್ಕೆ ಶೇ 60, ಅಂದರೆ 90 ಬೇಕು. ಪ್ರಮಾಣಪತ್ರ ಜೀವನಪರ್ಯಂತ ನಡೆಯುತ್ತೆ, ಒಂದು ಸಲ ಆದರೆ ಮುಗೀತು.

ಬಯಲುಸೀಮೆ ಟೀಚರ್

ನನಗೆ ಟಿಇಟಿ ಆಗಿದೆ, ಹಳೇ ಪ್ರಶ್ನೆಪತ್ರಿಕೆ ಬೇಕಾದರೆ ಹೇಳಿ ಸರ್, ಫೋಟೊ ತೆಗೆದು ಹಾಕ್ತೀನಿ. ಎಚ್.ಎಂ. ಬೀಗದ ಕೈ ಕೊಟ್ಟರು, ಆದರೆ ಕಿಟ್‌ನ ಪಟ್ಟಿಗೆ ಸಹಿ ಮಾಡಿಸಿಕೊಂಡರು. ಆಟದ ನೋಟಿನಲ್ಲಿ ನೂರರದ್ದು ಎರಡೇ ಇವೆ. ಮೂರನೆಯದನ್ನು ಹಳೇ ಮದುವೆ ಕಾರ್ಡಿನಲ್ಲಿ ಕತ್ತರಿಸಿ ಮಾಡ್ಕೊಳ್ತೀನಿ.

ಇನ್ನೊಂದು ಪ್ರಶ್ನೆ ಉಳಿದಿದೆ. ಮೂಲಾಕ್ಷರ ಬಾರದ ಮೂವರಲ್ಲಿ ಒಬ್ಬಳು ಹಲಗೆ ಮೇಲಿನದ್ದನ್ನು ಹತ್ತಿರ ಬಂದು ನೋಡ್ತಾಳೆ, ಪುಸ್ತಕವನ್ನೂ ಮೂಗಿನ ಹತ್ತಿರ ಹಿಡೀತಾಳೆ. ಕಣ್ಣಿನದ್ದು ಇರಬಹುದಾ?

ಕಡಲತಡಿ ಟೀಚರ್

ಇರಬಹುದು. ಗುಂಪು ಗಿಂಪು ಆಮೇಲೆ, ಮೊದಲು ಕಣ್ಣು ತೋರಿಸಿ. ಶಾಲಾ ಆರೋಗ್ಯ ತಪಾಸಣೆಯ ತಂಡ ಬರುವವರೆಗೆ ಕಾಯಬೇಡಿ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕಣ್ಣು ನೋಡುವವರು ಯಾವ ದಿನ ಬರ್ತಾರೆ ಅಂತ ಆಶಾ ಕಾರ್ಯಕರ್ತೆಯನ್ನು ಕೇಳಿ, ಅಜ್ಜಿಯನ್ನೋ ಅಮ್ಮನನ್ನೋ ಜೊತೆಗೆ ಕಳಿಸಿ. ಅಲ್ಲಿಯವರೆಗೆ ಅವಳನ್ನು ಹಲಗೆಯ ಎದುರಿಗೇ ಕೂರಿಸಿ, ಕಿಟಕಿ ಬೆಳಕು ಹಲಗೆ ಮೇಲೆ ಹೊಳೆಯದ ಕಡೆ.